ಹುಬ್ಬಳ್ಳಿಯ ಹಳೆ ಹೈಸ್ಕೂಲ್ ಕಟ್ಟಡ: ಸಜ್ಜಾ, ರೆಕ್ಕೆಗಳಿಂದ ಕಾಂಕ್ರೀಟ್ ಉದುರುತ್ತಿದೆ. ಕೆಡವಲೇಬೇಕಾ?

ಶಾಲಾ_ಸಮಿತಿ_ಹುಬ್ಬಳ್ಳಿ

ಊರೊಳಗಿನ ಒಂದು ಅನುದಾನಿತ ಹೈಸ್ಕೂಲ್ ಕಟ್ಟಡದ ಬಗ್ಗೆ ತಿಳಿದವರ ಸಲಹೆ ಬೇಕು. ನೆಲಮಹಡಿ, ಅದರ ಮೇಲೆ ಎರಡು ಮಹಡಿ. ಸುಮಾರು 45 ಮೀಟರ್ ಉದ್ದ, 10 ಮೀಟರ್ ಅಗಲ. ಪೂರ್ವ-ಪಶ್ಚಿಮಕ್ಕೆ ಒಂದೇ ಸಾಲು ಖೋಲಿಗಳು, ದಕ್ಷಿಣಕ್ಕೆ ಉದ್ದಕ್ಕೂ ತೆರೆದ ಪಡಸಾಲೆ, ಉತ್ತರಕ್ಕೆ ಕಬ್ಬಿಣದ ಚೌಕಟ್ಟಿನ ದೊಡ್ಡ ಕಿಟಕಿಗಳು. ಪಶ್ಚಿಮ ತುದಿಗೆ ಪಾವಟಿಗೆ (ಮೆಟ್ಟಿಲು). ಅದಕ್ಕೆ ಹೊರಗೋಡೆ ಇಲ್ಲ, ನೆಲದಿಂದ ಮಾಳಿಗೆಯವರೆಗೆ ಓರೆಯಾಗಿ ನಿಲ್ಲಿಸಿದ ಮೂರಿಂಚು ದಪ್ಪದ ಕಾಂಕ್ರೀಟ್ ರೆಕ್ಕೆಗಳೇ ಗೋಡೆ. ಪಡಸಾಲೆಯ ಕಡೆ ಬಾಗಿಲ ಮೇಲೆ ಸಿಮೆಂಟ್ ಜಾಳಿಗೆ, ಕೆಳಗೆ ಗಾಜಿನ ಪಟ್ಟಿ ಹಾಕಿ ಎರೆದ ಮೋಸಾಯಿಕ್ ನೆಲ. ಹಿಂದೆ ಬೇರೆಯಾಗಿ ಒಂದು ದೊಡ್ಡ ಶೆಡ್ ಇದೆ, ಈಗ ಮುರಿದ ಬೆಂಚು ತುಂಬಿದ್ದಾರೆ. ಹೈಸ್ಕೂಲಿಗೆ ಅಂಥ ಶೆಡ್ ಯಾಕೆ ಕಟ್ಟಿದ್ದರೋ ಯಾರಿಗೂ ಗೊತ್ತಿಲ್ಲ.

ತೊಂದರೆ ಮೂರು. ಸಜ್ಜಾಗಳ ಕೆಳಗಿನಿಂದ ಮತ್ತು ರೆಕ್ಕೆಗಳಿಂದ ಕಾಂಕ್ರೀಟ್ ತುಣುಕು ಬೀಳುತ್ತಿವೆ, ಒಳಗಿನ ಸಳಿ (ಕಬ್ಬಿಣದ ಸರಳು) ಕಾಣುತ್ತಿದೆ. ಮೇಲಿನ ಮಹಡಿಯ ನಾಲ್ಕು ಖೋಲಿ ಮಳೆಗಾಲದಲ್ಲಿ ಸೋರುತ್ತವೆ, ಮಾಳಿಗೆಗೆ ಎರಡು ಸಲ ಗಚ್ಚು ಹಾಕಿಸಿದರೂ ನಿಂತಿಲ್ಲ. ಪೂರ್ವ ತುದಿಯ ನೆಲಮಹಡಿಯಲ್ಲಿ ಕಿಟಕಿಯ ಮೂಲೆಯಿಂದ ಓರೆ ಬಿರುಕು ಬಿಟ್ಟಿದೆ. ಶಂಕುಸ್ಥಾಪನೆಯ ಕಲ್ಲಿಗೆ ಆಯಿಲ್ ಪೇಂಟ್ ಬಳಿದಿದ್ದರಿಂದ "ಮೈಸೂರು ರಾಜ್ಯ" ಎಂಬುದಷ್ಟೇ ಓದಲು ಬರುತ್ತದೆ, ಇಸವಿ ಕಾಣುವುದಿಲ್ಲ.

ಆಯುಷ್ಯ ಮುಗಿದಿದೆ, ಕೆಡವಿ ಹೊಸದು ಕಟ್ಟೋಣ ಎಂಬುದು ಗುತ್ತಿಗೆದಾರರ ಮಾತು. ಸಮಿತಿಯಲ್ಲಿ ಕೆಲವರಿಗೆ ಅದು ಒಪ್ಪಿಗೆ, ಕೆಲವರಿಗೆ ಇಲ್ಲ. ಕಟ್ಟಡಕ್ಕೆ ನಿಜವಾಗಿ ಬೆಲೆ ಇದೆಯಾ, ಇಸವಿ-ಇತಿಹಾಸ ಎಲ್ಲಿ ಹುಡುಕಬೇಕು, ಗಟ್ಟಿಯಿದೆಯೋ ಇಲ್ಲವೋ ಎಂದು ಯಾವ ಪರೀಕ್ಷೆಯಿಂದ ತಿಳಿಯಬೇಕು?

---

ನಕ್ಷೆಗಾರ_ಧಾರವಾಡ

ನೀವು ಬರೆದ ವಿವರ ನೋಡಿದರೆ ಅದು ಸೂರ್ಯ, ಗಾಳಿ, ಮಳೆಯ ಲೆಕ್ಕ ಹಾಕಿ ಕಟ್ಟಿದ ಕಟ್ಟಡ. ಅಲಂಕಾರ ಕಾಣದ್ದರಿಂದ ಬರೀ ಡಬ್ಬಿ ಎನಿಸಬಹುದು, ಆದರೆ ಅಲ್ಲಿ ಕೆಲಸವಿಲ್ಲದ ಭಾಗ ಒಂದೂ ಇಲ್ಲ.

ಮೊದಲು ದಿಕ್ಕು. ಹುಬ್ಬಳ್ಳಿ ಇರುವುದು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್ ಮತ್ತು ಸೆಪ್ಟೆಂಬರ್ 21ರ ಸುಮಾರಿಗೆ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ಸುಮಾರು 74.6 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 60 ಸೆಂ.ಮೀ. ಸಜ್ಜಾ ಎರಡು ಮೀಟರಿಗೂ ಮಿಕ್ಕಿ ನೆರಳು ಕೊಡುತ್ತದೆ. ಡಿಸೆಂಬರಿನಲ್ಲಿ ಸೂರ್ಯ 51 ಡಿಗ್ರಿಗೆ ಇಳಿಯುತ್ತಾನೆ, ಅದೇ ಸಜ್ಜಾದ ನೆರಳು 75 ಸೆಂ.ಮೀ.ಗೆ ಕುಗ್ಗುತ್ತದೆ. ಆ ಚಳಿಗಾಲದ ಬಿಸಿಲನ್ನು ತಡೆಯುವುದು ದಕ್ಷಿಣದ ಪಡಸಾಲೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೆ ದಾಟಿರುತ್ತಾನೆ, ಆದರೆ ಬಹುತೇಕ ನೆತ್ತಿಯ ಮೇಲೆಯೇ. ಹಾಗಾಗಿ ಉತ್ತರದ ಕಿಟಕಿಗೆ ಸಣ್ಣ ಸಜ್ಜಾ ಸಾಕು. ಕಿಟಕಿ ದೊಡ್ಡದಿಟ್ಟರೂ ಹಲಗೆಯ ಮೇಲೆ ಬಿಸಿಲು ಕುಕ್ಕುವುದಿಲ್ಲ.

ಇನ್ನು ಪಶ್ಚಿಮ. ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ ಮಧ್ಯಾಹ್ನ ಮೂರೂವರೆಯ ಸೂರ್ಯ ನೇರ ಪಶ್ಚಿಮದಿಂದ ಸುಮಾರು 15 ಡಿಗ್ರಿ ದಕ್ಷಿಣ ಮತ್ತು 13 ಡಿಗ್ರಿ ಉತ್ತರದ ನಡುವೆಯೇ ಓಡಾಡುತ್ತಾನೆ, ಅಂದರೆ ಬಹುತೇಕ ಎದುರಿಗೇ. ಗೋಡೆಗೆ ಲಂಬವಾಗಿ 30 ಸೆಂ.ಮೀ. ಆಳದ ರೆಕ್ಕೆ ನಿಲ್ಲಿಸಿದರೆ ಅದು ಕೊಡುವ ನೆರಳಿನ ಪಟ್ಟಿ 8 ಸೆಂ.ಮೀ. ಮಾತ್ರ. ಅದಕ್ಕೇ ರೆಕ್ಕೆಗಳನ್ನು ಓರೆಯಾಗಿ ತಿರುಗಿಸಿದ್ದಾರೆ. ಮುಂಗಾರಿನ ಇರಚಲೂ ಅದೇ ನೈಋತ್ಯ-ಪಶ್ಚಿಮದಿಂದ ಬರುತ್ತದೆ, ಆದ್ದರಿಂದ ಆ ತುದಿಗೆ ತರಗತಿ ಇಡದೆ ಪಾವಟಿಗೆ ಇಟ್ಟಿದ್ದಾರೆ. ಬಿಸಿಲು, ಮಳೆ ಎರಡನ್ನೂ ಪಾವಟಿಗೆಯೇ ತಾಳಿಕೊಳ್ಳುತ್ತದೆ, ಮಕ್ಕಳ ಖೋಲಿಗೆ ಬಿಡುವುದಿಲ್ಲ.

ಒಂದೇ ಸಾಲು ಖೋಲಿ ಇಡುವ ಪದ್ಧತಿಗೆ ದೊಡ್ಡ ಹಿನ್ನೆಲೆ ಇದೆ. ಕ್ಷಯರೋಗದ ಭಯವಿದ್ದ ಕಾಲದಲ್ಲಿ, 1930ರಲ್ಲಿ, ಡಚ್ ವಾಸ್ತುಶಿಲ್ಪಿ ಯಾನ್ ಡೌಕರ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಬಯಲುಗಾಳಿ ಶಾಲೆ ಕಟ್ಟಿದರು. 1939ರಲ್ಲಿ ವಾಸ್ತುಶಿಲ್ಪಿಗಳಾದ ವಾಲ್ಟರ್ ಗ್ರೋಪಿಯಸ್ ಮತ್ತು ಮ್ಯಾಕ್ಸ್‌ವೆಲ್ ಫ್ರೈ ಇಂಗ್ಲೆಂಡಿನ ಇಂಪಿಂಗ್ಟನ್‌ನಲ್ಲಿ ತರಗತಿಗಳನ್ನು ಒಂದೇ ಸಾಲಿಗೆ ಹರಡಿ ಎರಡೂ ಬದಿಯಿಂದ ಬೆಳಕು ತಂದರು. ಅದೇ ಫ್ರೈ 1951ರಿಂದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಜೊತೆ ಚಂಡೀಗಡದಲ್ಲಿ ದುಡಿದರು. ಸೂರ್ಯನನ್ನು ತಡೆಯುವ ಕಾಂಕ್ರೀಟ್ ರೆಕ್ಕೆ ಸರಕಾರಿ ನಕ್ಷೆಗಳಲ್ಲಿ ಮನೆಮಾತಾದದ್ದು ಅಲ್ಲಿಂದ ಮುಂದೆ. ಹಳೆ ಮೈಸೂರಿನ ಕಡೆ 1939ರಿಂದ 1948ರವರೆಗೆ ಆಟೊ ಕೋನಿಗ್ಸ್‌ಬರ್ಗರ್ ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದರು. ನಮ್ಮ ಭಾಗಕ್ಕೆ ಆ ದಾರಿಯಿಂದ ಬಂದದ್ದು ಕಡಿಮೆ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಲೋಕೋಪಯೋಗಿ ಇಲಾಖೆಯ ಮಾದರಿಗಳು ಮುಂಬಯಿಯವು. ಅದರಿಂದಲೇ ನಮ್ಮ ಹಳೆ ಪೇಟೆಗಳಲ್ಲಿ ದುಂಡು ಮೂಲೆಯ ಆರ್ಟ್ ಡೆಕೊ ಮುಂಭಾಗಗಳು ಸಿಗುತ್ತವೆ. ನಿಮ್ಮದು ಅದರ ನಂತರದ ಪೀಳಿಗೆ: ಮೂಲೆ ಚೌಕ, ಪಟ್ಟಿ-ಗೆರೆ ಇಲ್ಲ, ಕಂಬ-ತೊಲೆ ಇದ್ದಂತೆ ಕಾಣುತ್ತವೆ.

ಆ ಶೆಡ್ ಬಗ್ಗೆ: 1952-53ರ ಮುದಲಿಯಾರ್ ಆಯೋಗ ಮಾಧ್ಯಮಿಕ ಶಿಕ್ಷಣವನ್ನು ಏಳು ವಿಭಾಗಗಳಿಗೆ ಹರಡಿ, ತಾಂತ್ರಿಕ, ವಾಣಿಜ್ಯ, ಕೃಷಿ, ಗೃಹವಿಜ್ಞಾನ ಕಲಿಸುವ ಬಹೂದ್ದೇಶ ಶಾಲೆಗಳನ್ನು ಶಿಫಾರಸು ಮಾಡಿತು. "ಮಲ್ಟಿಪರ್ಪಸ್ ಹೈಸ್ಕೂಲ್" ಎಂಬ ಹೆಸರು ಆಗಿನದು. ಶೆಡ್ಡಿನ ಛಾವಣಿ ಗರಗಸದ ಹಲ್ಲಿನಂತೆ ಏರಿಳಿದು, ಗಾಜು ಉತ್ತರಕ್ಕೆ ಮುಖ ಮಾಡಿದ್ದರೆ ಅದು ಮರಗೆಲಸ-ಫಿಟ್ಟಿಂಗ್ ಕಲಿಸಲು ಕಟ್ಟಿದ ವರ್ಕ್‌ಶಾಪ್ ಎಂದು ಹೆಚ್ಚುಕಡಿಮೆ ಖಚಿತ. ನೆಲದಲ್ಲಿ ಯಂತ್ರ ಕೂರಿಸುವ ಬೋಲ್ಟಿನ ತುಂಡುಗಳಿವೆಯೇ ನೋಡಿ. ಹೊಸ ತರಗತಿಗೆ ಜಾಗ ಬೇಕು ಎನ್ನುವವರಿಗೆ ಮೊದಲು ಆ ಶೆಡ್ ತೋರಿಸಿ.

---

ದಫ್ತರ_ಶೋಧ

ಇಸವಿ ಹುಡುಕುವ ದಾರಿ ಹೇಳುತ್ತೇನೆ.

ಕಲ್ಲನ್ನು ಉಜ್ಜಬೇಡಿ, ಸ್ಯಾಂಡ್‌ಪೇಪರ್ ಅಂತೂ ಬೇಡವೇ ಬೇಡ. ಪೇಂಟ್ ತೆಗೆಯುವ ಜೆಲ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೆತ್ತಗಾದ ಮೇಲೆ ಮರದ ಚಕ್ಕೆಯಿಂದ ಎತ್ತಿ. ಅದಕ್ಕೂ ಮುಂಚೆ ರಾತ್ರಿ ಹೊತ್ತು ಟಾರ್ಚನ್ನು ಕಲ್ಲಿನ ಮೈಗೆ ಸಮವಾಗಿ ಪಕ್ಕದಿಂದ ಹಿಡಿದು ಫೋಟೊ ತೆಗೆಯಿರಿ. ಅಕ್ಷರ ಕೊರೆದದ್ದಾದರೆ ಬಣ್ಣದಡಿಯಲ್ಲೂ ನೆರಳು ಮೂಡುತ್ತದೆ.

"ಮೈಸೂರು ರಾಜ್ಯ" ಎಂದಿದ್ದರೆ 1956ರ ನವೆಂಬರ್ ನಂತರ, 1973ರ ನವೆಂಬರ್ 1ಕ್ಕೆ ಮುಂಚೆ. ಮುಖ್ಯಮಂತ್ರಿಯ ಹೆಸರು ಸಿಕ್ಕರೆ ಇನ್ನೂ ಬಿಗಿಯಾಗುತ್ತದೆ: ಬಿ.ಡಿ. ಜತ್ತಿಯವರಾದರೆ 1958-62. ನಿಜಲಿಂಗಪ್ಪನವರು ಎರಡು ಸಲ ಇದ್ದರು, 1956-58 ಮತ್ತು 1962-68. ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆ ಆದದ್ದು 1962ರಲ್ಲಿ. ಕಲ್ಲಿನ ಮೇಲೆ ಬರೀ ಹುಬ್ಬಳ್ಳಿ ನಗರಸಭೆಯವರ ಹೆಸರಿದ್ದರೆ ಅದಕ್ಕಿಂತ ಮುಂಚಿನದು.

ಕಾಗದಪತ್ರಕ್ಕೆ ಮೊದಲು ಶಾಲೆಯ ಕಪಾಟು: ಜನರಲ್ ರಜಿಸ್ಟರ್, ಆಡಳಿತ ಮಂಡಳಿಯ ಠರಾವು ಪುಸ್ತಕ, ವಾರ್ಷಿಕ ವರದಿ, ಕಟ್ಟಡ ನಿಧಿಯ ಖಾತೆಕಿರ್ದಿ. ಠರಾವಿನಲ್ಲಿ ನಕ್ಷೆ ಮಾಡಿದವರ ಹೆಸರು ಇರದಿದ್ದರೂ ಅವರಿಗೆ ಕೊಟ್ಟ ಫೀ ಖಾತೆಕಿರ್ದಿಯಲ್ಲಿ ಇರುತ್ತದೆ. ಅಲ್ಲೇ ಹುಡುಕುವುದು ಜಾಣತನ. ಅನುದಾನಿತ ಸಂಸ್ಥೆಗಳು ನಮ್ಮ ಭಾಗದಲ್ಲಿ 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಯಡಿ ನೋಂದಾಯಿಸಿಕೊಂಡಿರುವುದುಂಟು. ನಿಮ್ಮದೂ ಹಾಗಿದ್ದರೆ ಟ್ರಸ್ಟಿನ ಸ್ಥಿರಾಸ್ತಿ ನಮೂದಿನ ನಕಲು ತೆಗೆಸಿ. ಸಿಟಿ ಸರ್ವೆ ಆಫೀಸಿನಲ್ಲಿ ಸಿ.ಟಿ.ಎಸ್. ನಂಬರ್ (ಜಾಗದ ಸಿಟಿ ಸರ್ವೆ ನಂಬರ್) ಕೊಟ್ಟು ಪ್ರಾಪರ್ಟಿ ಕಾರ್ಡ್ ತೆಗೆಸಿದರೆ ಜಾಗ ಯಾರಿಂದ ಯಾವಾಗ ಬಂತು ಎಂದು ತಿಳಿಯುತ್ತದೆ. ಪಾಲಿಕೆಯ ಕಟ್ಟಡ ಪರವಾನಗಿ ಕಡತ, ಡಿಡಿಪಿಐ (ಶಾಲಾ ಶಿಕ್ಷಣ ಉಪನಿರ್ದೇಶಕರ) ಕಚೇರಿಯ ಕಟ್ಟಡ ಅನುದಾನದ ಕಡತ ಇವೆರಡಕ್ಕೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿಯಲ್ಲಿ "ಎಲ್ಲ ದಾಖಲೆ" ಎಂದು ಬರೆದರೆ ಲಭ್ಯವಿಲ್ಲ ಎಂಬ ಒಂದು ಸಾಲು ಬರುತ್ತದೆ. ಸಿ.ಟಿ.ಎಸ್. ನಂಬರ್, ವಾರ್ಡು, ಇಸವಿಗಳ ಅಂತರ ಬರೆದು "ಕಡತಗಳ ಸೂಚಿ ಪುಸ್ತಕ ಪರಿಶೀಲಿಸಲು ಅವಕಾಶ" ಕೇಳಿ. ಕಡತಕ್ಕಿಂತ ಸೂಚಿ ಪುಸ್ತಕ ಹೆಚ್ಚು ಸಲ ಉಳಿದಿರುತ್ತದೆ. ಧಾರವಾಡದಲ್ಲಿ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿಯೂ ಇದೆ. ಗದಗ, ಹಾವೇರಿಯ ಶಾಲೆಗಳವರು ಇದನ್ನು ಓದುತ್ತಿದ್ದರೆ ಒಂದು ಮಾತು: ಆ ಜಿಲ್ಲೆಗಳು ಬೇರೆಯಾದದ್ದು 1997ರಲ್ಲಿ, ಅದಕ್ಕೂ ಹಿಂದಿನ ಕಡತಗಳನ್ನು ಧಾರವಾಡದಲ್ಲೂ ಹುಡುಕಿ.

ನೀಲಿ ಬ್ಲೂಪ್ರಿಂಟ್ ಸಿಕ್ಕರೆ ಲ್ಯಾಮಿನೇಶನ್ ಮಾಡಿಸಬೇಡಿ, ಬಿಸಿಲಿಗೆ ಹರಡಬೇಡಿ. ಆ ನೀಲಿ ಬೆಳಕಿಗೂ ಕ್ಷಾರಕ್ಕೂ ಮಾಸುತ್ತದೆ. ಸುರುಳಿ ಬಿಚ್ಚಲು ಒತ್ತಾಯ ಬೇಡ, ಗಾಜಿನಡಿ ಒಂದೆರಡು ದಿನ ಇಟ್ಟು ಮೆಲ್ಲಗೆ ಹರಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ನೆರಳಿನಲ್ಲಿ ಫೋಟೊ ತೆಗೆಯಿರಿ.

ಕಾನೂನಿನ ಆಸರೆ ಬಗ್ಗೆ ಭ್ರಮೆ ಬೇಡ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ನೂರು ವರ್ಷದ ಅಳತೆ ಇದೆ. ಅರವತ್ತರ ದಶಕದ ಶಾಲೆ ಅದರೊಳಗೆ ಬರುವುದಿಲ್ಲ. ಉಳಿಸುವುದಾದರೆ ಸಮಿತಿಯೇ ಉಳಿಸಬೇಕು.

---

ಸಳಿ_ಸಿಮೆಂಟ್

ಮೊದಲು ಮಕ್ಕಳ ಸುರಕ್ಷತೆ. ನಾಳೆಯೇ ಗೋಡೆಯಿಂದ ಕನಿಷ್ಠ 3 ಮೀಟರ್ ದೂರಕ್ಕೆ ಹಗ್ಗವಲ್ಲ, ತಗಡಿನ ತಡೆ ಹಾಕಿ. ಮೇಲಿನಿಂದ ಬಿದ್ದ ತುಣುಕು ಕೆಳಗಿನ ಸಜ್ಜಾಕ್ಕೆ ಬಡಿದು ಹೊರಗೆ ಚಿಮ್ಮುತ್ತದೆ. ಪ್ರವೇಶದ ಬಾಗಿಲಿಗೆ ಗಟ್ಟಿ ಮಾಡು ಬೇಕು. ಆಮೇಲೆ ಗೌಂಡಿಯೊಬ್ಬರನ್ನು ಏರಿಸಿ ಸಣ್ಣ ಸುತ್ತಿಗೆಯಿಂದ ಸಜ್ಜಾ, ರೆಕ್ಕೆಗಳನ್ನೆಲ್ಲ ತಟ್ಟಿಸಿ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಬಿಟ್ಟುಕೊಂಡಿದೆ. ಡಬ್ ಎಂದದ್ದನ್ನು ಅಂದೇ ಕೆಳಗಿಳಿಸಿ.

"ಆಯುಷ್ಯ ಮುಗಿದಿದೆ" ಎಂಬುದು ಪರೀಕ್ಷೆಯಿಂದ ಬರಬೇಕಾದ ಮಾತು, ಕಣ್ಣಳತೆಯಿಂದಲ್ಲ. ಹೊಸ ಕಾಂಕ್ರೀಟ್ ತೀಕ್ಷ್ಣ ಕ್ಷಾರ, ಆ ಕ್ಷಾರದಲ್ಲಿ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊರಮೈಯಿಂದ ಒಳಕ್ಕೆ ಇಳಿಯುತ್ತ ಆ ಕ್ಷಾರವನ್ನು ಕೊಲ್ಲುತ್ತದೆ. ಅದು ಸಳಿಯನ್ನು ಮುಟ್ಟಿದ ಮೇಲೆ ತೇವ ಸಿಕ್ಕರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒಡೆದು ದೂಡುತ್ತದೆ. ಆಳ ಅಳೆಯುವುದು ಸುಲಭ. ಫಿನಾಲ್ಫ್‌ಥಲೀನ್ ಒಂದು ಗ್ರಾಂ, ಸ್ಪಿರಿಟ್ 70 ಮಿ.ಲೀ., ನೀರು 30 ಮಿ.ಲೀ. ಕಾಂಕ್ರೀಟನ್ನು ಆಗತಾನೆ ಒಡೆದು, ಪುಡಿ ಊದಿ ಸಿಂಪಡಿಸಿ. ಕ್ಷಾರ ಉಳಿದಲ್ಲಿ ಕಡು ಗುಲಾಬಿ ಬಣ್ಣ, ಸತ್ತಲ್ಲಿ ಬಣ್ಣವಿಲ್ಲ. ಹೊರಮೈಯಿಂದ ಗುಲಾಬಿ ಶುರುವಾಗುವವರೆಗಿನ ಅಳತೆ ಬರೆದುಕೊಳ್ಳಿ, ಪಕ್ಕದಲ್ಲೇ ಸಳಿ ಎಷ್ಟು ಆಳದಲ್ಲಿದೆ ಎಂದೂ ಬರೆಯಿರಿ. ಹಳೆ ಒಡಕಿನ ಮೇಲೆ ಸಿಂಪಡಿಸಿದರೆ ಎಲ್ಲವೂ ಸತ್ತಂತೆ ತೋರುತ್ತದೆ. ಕೊರೆದ ಪುಡಿ ಮೆತ್ತಿದ್ದರೆ ಎಲ್ಲವೂ ಬದುಕಿದಂತೆ ತೋರುತ್ತದೆ.

ಸುತ್ತಿಗೆ ಪರೀಕ್ಷೆ, ಅಂದರೆ ರಿಬೌಂಡ್ ಹ್ಯಾಮರ್ ಒಂದನ್ನೇ ನಂಬಬೇಡಿ. ಕ್ಷಾರ ಸತ್ತ ಹೊರಮೈ ಗಡುಸಾಗಿರುತ್ತದೆ, ಹಳೆ ಕಾಂಕ್ರೀಟಿನಲ್ಲಿ ಅದು ಬಲವನ್ನು ಶೇಕಡಾ 50ರವರೆಗೂ ಹೆಚ್ಚಿಗೆ ತೋರಿಸಬಲ್ಲದು. ಕಂಬ-ತೊಲೆಗಳಿಂದ ಕನಿಷ್ಠ ಮೂರು ಕೋರ್, ಅಂದರೆ ಕೊರೆದು ತೆಗೆದ ಕಾಂಕ್ರೀಟಿನ ದುಂಡು ತುಂಡು, ತೆಗೆಸಿ ಪರೀಕ್ಷಿಸಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000 ಹೇಳುವಂತೆ ಕೋರ್‌ಗಳ ಸರಾಸರಿ ಬೇಕಾದ ಬಲದ ಶೇಕಡಾ 85 ಮುಟ್ಟಬೇಕು, ಯಾವೊಂದೂ 75ಕ್ಕಿಂತ ಕೆಳಗಿರಬಾರದು. ಆ ಕಾಲದ ಮಿಶ್ರಣ ಸಾಮಾನ್ಯವಾಗಿ 1:2:4 (ಸಿಮೆಂಟ್, ಉಸುಕು, ಖಡಿ), ಅಂದರೆ ಈಗಿನ ಎಂ-15 ಬಲದ ದರ್ಜೆಯ ಆಸುಪಾಸು. ಈಗಿನ ಎಂ-25ಕ್ಕೆ ಹೋಲಿಸಿ ಫೇಲ್ ಎಂದು ಬರೆದುಕೊಡುವವರಿದ್ದಾರೆ, ಎಚ್ಚರ. ಆದರೆ ಭೂಕಂಪದ ಲೆಕ್ಕವನ್ನು ಬಿಡುವ ಹಾಗಿಲ್ಲ. ಭೂಕಂಪದ ಮಾನಕ ಐಎಸ್ 1893:2016ರಲ್ಲಿ ಧಾರವಾಡ ಮೂರನೇ ವಲಯದಲ್ಲಿದೆ, ಶಾಲೆ ಮಹತ್ವದ ಕಟ್ಟಡ. ಸ್ಟ್ರಕ್ಚರಲ್ ಎಂಜಿನಿಯರ್ ಅದನ್ನೂ ಲೆಕ್ಕ ಹಾಕಿ ಸಹಿ ಮಾಡಬೇಕು.

ಸಳಿಯ ಅಳತೆ ಇಸವಿಯನ್ನೂ ಹೇಳುತ್ತದೆ. ತುಕ್ಕು ಹಿಡಿಯದ ಕಡೆ ಕ್ಯಾಲಿಪರ್ ಹಚ್ಚಿ. 9.5, 12.7, 15.9 ಮಿ.ಮೀ. ಬಂದರೆ ಇಂಚಿನ ಸಳಿ, ಮೆಟ್ರಿಕ್ ಪೂರ್ತಿ ಜಾರಿಯಾಗುವ ಮುಂಚಿನದು, ಅಂದರೆ ಬಹುಮಟ್ಟಿಗೆ ಅರವತ್ತರ ದಶಕದ ಮೊದಲ ಭಾಗಕ್ಕಿಂತ ಹಿಂದಿನದು. ಮೈ ನುಣುಪಾಗಿದ್ದರೆ ಮೈಲ್ಡ್ ಸ್ಟೀಲ್, ತಿರುಚಿದ ಏಣು ಇದ್ದರೆ ಟಾರ್ ಸ್ಟೀಲ್. ನುಣುಪು ಸಳಿಗೆ 250 ಮೆಗಾಪಾಸ್ಕಲ್ ಬಲವೇ ಲೆಕ್ಕಕ್ಕೆ, 415 ಹಿಡಿಯಬಾರದು.

ಸಜ್ಜಾದ ಕೆಳಮೈಯಲ್ಲಿ ಅಂಚಿನಿಂದ ಇಂಚು-ಒಂದೂವರೆ ಇಂಚು ಒಳಗೆ ಒಂದು ಸಣ್ಣ ಕಾಲುವೆ ಇದೆಯೇ ಬೆರಳಾಡಿಸಿ ನೋಡಿ. ಮಳೆಹನಿ ಅಲ್ಲೇ ತುಂಡಾಗಿ ಬೀಳಲಿ ಎಂದು ಮಾಡಿದ್ದು. ಬಣ್ಣದವರು ಪುಟ್ಟಿ ತುಂಬಿ ಅದನ್ನು ಮುಚ್ಚಿರುತ್ತಾರೆ. ಆಮೇಲೆ ನೀರು ಕೆಳಮೈ ಹಿಡಿದು ಗೋಡೆಯವರೆಗೆ ಹರಿಯುತ್ತದೆ, ಸಜ್ಜಾ ಅಡಿಯಿಂದ ಕೊಳೆಯುವುದು ಹೀಗೆ. ಮಾಳಿಗೆಯಲ್ಲೂ ಒಂದು ಅಡಿ ಚೌಕ ಅಗೆದು ಗಚ್ಚು ಎಷ್ಟು ಪದರ, ಎಷ್ಟು ದಪ್ಪ ಎಂದು ಬರೆದು ಹಾಕಿ.

---

ಶಾಲಾ_ಸಮಿತಿ_ಹುಬ್ಬಳ್ಳಿ

ತಡೆ ಹಾಕಿ, ಎಂಜಿನಿಯರ್ ಒಬ್ಬರನ್ನು ಕರೆಸಿ ಪರೀಕ್ಷೆ ಮಾಡಿಸಿದೆವು. ರೆಕ್ಕೆಗಳಲ್ಲಿ ಗುಲಾಬಿ ಬಣ್ಣವೇ ಬರಲಿಲ್ಲ, ಪೂರ್ತಿ ಸತ್ತಿದೆ. ಸಜ್ಜಾಗಳಲ್ಲಿ 25 ಮಿ.ಮೀ. ಆಳ, ಸಳಿ ಇರುವುದು 12-15ರಲ್ಲಿ. ಪಡಸಾಲೆಯ ತೊಲೆ, ಕಂಬಗಳಲ್ಲಿ ಆಳ 18-20, ಸಳಿ 26-28ರಲ್ಲಿ. ಸಳಿ ನುಣುಪು, 9.5 ಮತ್ತು 15.9. ಕಾಲುವೆ ಇದೆ, ಪುಟ್ಟಿ ತುಂಬಿದೆ. ಮಾಳಿಗೆಯಲ್ಲಿ ಇಟ್ಟಿಗೆ ಚೂರಿನ ಗಚ್ಚು ಎರಡು ಪದರ, 100 ಮತ್ತು 90 ಮಿ.ಮೀ., ಮೇಲೆ ಟೈಲ್ಸ್. ನೀರಿಳಿಯುವ ಪೈಪು 100 ಮಿ.ಮೀ.ನವು 12 ಇದ್ದವು, ಐದು ಮುಚ್ಚಿಹೋಗಿವೆ. ಕೋರ್ ವರದಿ ಬರಬೇಕಿದೆ. ಪೂರ್ವದ ಬಿರುಕಿನ ಪಕ್ಕದಲ್ಲೇ ಬಿಸಿಯೂಟದ ಅಡುಗೆಮನೆ, ಅದರ ಮಗ್ಗುಲಿಗೆ ನೀರಿನ ಸಂಪು. ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಕಾಣುತ್ತದೆ, ದೀಪಾವಳಿ ಹೊತ್ತಿಗೆ ಕೂಡಿಕೊಂಡಂತೆ.

ಶೆಡ್ಡಿನ ನೆಲದಲ್ಲಿ ಬೋಲ್ಟುಗಳಿವೆ. ಗಾಜು ಉತ್ತರಕ್ಕೇ ಇದೆ.

---

ಎರೆನೆಲ

ಬೇಸಿಗೆಯಲ್ಲಿ ತೆರೆದು ಮಳೆ ಮುಗಿದ ಮೇಲೆ ಕೂಡಿಕೊಳ್ಳುವ ಬಿರುಕು ಎರೆಮಣ್ಣಿನದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಇಡೀ ಕಟ್ಟಡ ಒಟ್ಟಿಗೇ ಏರಿಳಿದರೆ ಬಿರುಕು ಬರುವುದಿಲ್ಲ. ಒಂದು ಮೂಲೆ ಸದಾ ಹಸಿ, ಉಳಿದದ್ದು ಒಣ ಆದಾಗ ಗೋಡೆ ಓರೆಯಾಗಿ ಸೀಳುತ್ತದೆ. ನಿಮ್ಮಲ್ಲಿ ಆ ಹಸಿ ಮೂಲೆ ಮಾಡಿದ್ದು ಸಂಪು ಮತ್ತು ಅಡುಗೆಮನೆಯ ಬಚ್ಚಲ ನೀರು ಎಂದೇ ತೋರುತ್ತದೆ.

ಸಂಪನ್ನು ತುಂಬಿಸಿ, ವಾಲ್ವ್ ಮುಚ್ಚಿ, 24 ತಾಸು ನೀರು ತೆಗೆಯದೆ ಮಟ್ಟ ಅಳೆಯಿರಿ. ಇಳಿದರೆ ಸೋರಿಕೆ. ಸಂಪನ್ನು ಕಟ್ಟಡದಿಂದ ದೂರ ಸರಿಸಿ, ಪಾತ್ರೆ ತೊಳೆಯುವ ನೀರನ್ನು ಪೈಪಿನಲ್ಲೇ ಗಟಾರಕ್ಕೆ ಮುಟ್ಟಿಸಿ. ಕಟ್ಟಡದ ಸುತ್ತ ಗೋಡೆಗೆ ತಾಗಿ ಒಂದೂವರೆಯಿಂದ ಎರಡು ಮೀಟರ್ ಅಗಲಕ್ಕೆ ಎರೆ ತೆಗೆದು, ಗರಸು ಹಾಕಿ ದಮ್ಮಸ್ ಮಾಡಿ, ಮೇಲೆ ಹೊರಕ್ಕೆ ಇಳಿಜಾರಿನ ಕಾಂಕ್ರೀಟ್ ಅಥವಾ ಫರಸಿ ಹಾಸಿ. ಫರಸಿಯ ಸಂದಿ ತುಂಬದಿದ್ದರೆ ಹಾಸಿಯೂ ಉಪಯೋಗವಿಲ್ಲ. ಗರಸಿನ ಕೆಳಗೆ ಉಸುಕನ್ನಂತೂ ತುಂಬಬೇಡಿ, ಅದು ನೀರನ್ನು ಹಿಡಿದು ಪಾಯಕ್ಕೇ ಉಣಿಸುತ್ತದೆ.

ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆಯಿರಿ, ಎರಡೂ ಬದಿಗೆ ಮೊಳೆ ಹೊಡೆದು ಪ್ರತಿ ತಿಂಗಳು ಅಂತರ ಅಳೆಯಿರಿ. ಒಂದು ವರ್ಷ ಪೂರ್ತಿ ನೋಡದೆ ಸಿಮೆಂಟ್ ತುಂಬಬಾರದು. ಏಪ್ರಿಲಿನಲ್ಲಿ ಅಗಲವಾಗಿದ್ದಾಗ ಗಟ್ಟಿ ಗಾರೆ ತುಂಬಿದರೆ ಮಳೆಗಾಲದಲ್ಲಿ ಗೋಡೆ ಕೂಡಲು ಜಾಗವಿರುವುದಿಲ್ಲ, ಪಕ್ಕದಲ್ಲಿ ಹೊಸದಾಗಿ ಸೀಳುತ್ತದೆ. ಒದ್ದೆ ಸಮವಾದ ಮೇಲೂ ಅಂತರ ಬೆಳೆಯುತ್ತಲೇ ಇದ್ದರೆ ಮಾತ್ರ ಪಾಯದ ಕೆಲಸದ ಮಾತು.

---

ಸಳಿ_ಸಿಮೆಂಟ್

ಅಳತೆಗಳು ಚೆನ್ನಾಗಿವೆ, ಇನ್ನು ಊಹೆ ಬೇಕಿಲ್ಲ. ಕ್ಷಾರ ಸಾಯುವ ಆಳ ವರ್ಷಗಳ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. ತೊಲೆಗಳಲ್ಲಿ 60 ವರ್ಷಕ್ಕೆ 20 ಮಿ.ಮೀ. ಎಂದು ಹಿಡಿದರೆ 26 ಮುಟ್ಟಲು ಒಟ್ಟು 100 ವರ್ಷ ಬೇಕು. ಅಂದರೆ ಏನೂ ಮಾಡದಿದ್ದರೂ ಇನ್ನೂ ಸುಮಾರು 40 ವರ್ಷ, ಮೇಲೆ ಕಾರ್ಬೊನೇಶನ್ (ಹೀಗೆ ಕ್ಷಾರ ಸಾಯುವುದನ್ನು) ತಡೆಯುವ ಲೇಪ ಹಚ್ಚಿದರೆ ಇನ್ನೂ ಹೆಚ್ಚು. ಕೋರ್ ವರದಿ ಮತ್ತು ಭೂಕಂಪದ ಲೆಕ್ಕ ಸರಿ ಬಂದರೆ ಅಸ್ಥಿಪಂಜರವನ್ನು ಕೆಡವಲು ಕಾರಣವಿಲ್ಲ. ಸಜ್ಜಾ ದುರಸ್ತಿಯಾಗಬೇಕು, ರೆಕ್ಕೆಗಳನ್ನು ಬದಲಿಸಬೇಕು. ಮೂರಿಂಚಿನ ಫಲಕಕ್ಕೆ ಎರಡೂ ಬದಿಯಿಂದ ಗಾಳಿ ನುಗ್ಗಿದೆ, ಅಲ್ಲಿ ಉಳಿಸಲು ಏನೂ ಉಳಿದಿಲ್ಲ.

ಮಾಳಿಗೆಯೇ ನನಗೆ ಹೆಚ್ಚು ಚಿಂತೆ ತಂದದ್ದು. 190 ಮಿ.ಮೀ. ಗಚ್ಚು ಅಂದರೆ ಚದರ ಮೀಟರಿಗೆ ಸುಮಾರು 350 ಕಿಲೊ. ಎರಡನೇ ಪದರವೊಂದೇ 165 ಕಿಲೊದಷ್ಟು, ಟೈಲ್ಸ್ ಬೇರೆ. ಜನ ಓಡಾಡುವ ಮಾಳಿಗೆಗೆ ನಾವು ಲೆಕ್ಕಕ್ಕೆ ಹಿಡಿಯುವ ಭಾರವೇ 150 ಕಿಲೊ. ಸೋರಿಕೆ ನಿಲ್ಲಿಸಲು ಹಾಕಿದ್ದು ಸ್ಲ್ಯಾಬಿನ ಮೇಲೆ ಸದಾ ಜನಜಾತ್ರೆ ನಿಲ್ಲಿಸಿದಂತಾಗಿದೆ. ಸೋರುವುದಕ್ಕೆ ಕಾರಣ ಪೈಪು. ತಾಸಿಗೆ 100 ಮಿ.ಮೀ. ಬಿರುಸಿನ ಮಳೆಗೆ 100 ಮಿ.ಮೀ. ಪೈಪೊಂದು ಸುಮಾರು 42 ಚದರ ಮೀಟರ್ ಮಾಳಿಗೆಯ ನೀರು ಇಳಿಸಬಲ್ಲದು. ನಿಮ್ಮ 450 ಚದರ ಮೀಟರಿಗೆ 11 ಬೇಕು, ಕಟ್ಟಿದವರು 12 ಇಟ್ಟಿದ್ದರು. ಏಳರಿಂದ ಸಾಗದೆ ನೀರು ನಿಂತು ಪ್ಯಾರಾಪೆಟ್ ಸಂದಿಯಿಂದ ಇಳಿಯುತ್ತಿದೆ. ಎರಡೂ ಪದರ ತೆಗೆಸಿ, ಉಳಿ-ಸುತ್ತಿಗೆಯಿಂದ, ಬ್ರೇಕರ್ ಯಂತ್ರ ಬೇಡ. ತೆಗೆದ ಚೂರನ್ನು ಮಾಳಿಗೆಯಲ್ಲಿ ಗುಡ್ಡೆ ಹಾಕದೆ ಆಗಿಂದಾಗ್ಗೆ ಇಳಿಸಿ. ಹೊಸ ಇಳಿಜಾರು 100ಕ್ಕೆ 1, ಪ್ಯಾರಾಪೆಟ್ ಬುಡದಲ್ಲಿ ಮೂರಿಂಚು ದುಂಡಗೆ ತಿರುವು, ಆಮೇಲೆ ನೀರು ತಡೆಯುವ ಮೆಂಬ್ರೇನ್ ಪದರ. ಪೈಪುಗಳ ಬಾಯಿಗೆ ಜಾಲರಿ.

ಸಜ್ಜಾಕ್ಕೆ ಕೈಹಚ್ಚುವ ಮುಂಚೆ ಕೆಳಗೆ ಆಸರೆ ಕೊಡಲೇಬೇಕು. ಹೊರಚಾಚಿದ ಸಜ್ಜಾದ ಮುಖ್ಯ ಸಳಿ ಮೇಲ್ಮೈಯಲ್ಲಿರಬೇಕು, ಆದರೆ ಕಾಂಕ್ರೀಟ್ ಹಾಕುವಾಗ ಕಾಲಡಿ ಸಿಕ್ಕು ಕೆಳಗಿಳಿದಿರುವುದು ಸಾಮಾನ್ಯ. ಗೋಡೆಯ ಬುಡದಲ್ಲಿ ಮೇಲ್ಗಡೆ ಉದ್ದಕ್ಕೂ ಬಿರುಕಿದ್ದರೆ ಅದು ತೇಪೆಯ ಕೆಲಸವಲ್ಲ, ಆ ಸಜ್ಜಾ ಹೊಸದಾಗಬೇಕು. ಉಳಿದವುಗಳಲ್ಲಿ ತುಕ್ಕಿನ ಸಳಿಯ ಹಿಂದೆಯೂ 20-25 ಮಿ.ಮೀ. ಕೊರೆಯಿರಿ, ಹೊಳೆಯುವವರೆಗೆ ಉಜ್ಜಿ, ದಪ್ಪದಲ್ಲಿ ಐದರಲ್ಲೊಂದು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಹೊಸ ಸಳಿ ಜೋಡಿಸಿ. ಸತುವಿನ ಪ್ರೈಮರ್, ಅದರ ಮೇಲೆ ಎಸ್‌ಬಿಆರ್ (ಕೃತಕ ರಬ್ಬರಿನ ಹಾಲು)-ಸಿಮೆಂಟ್ ಸ್ಲರಿ, ಸ್ಲರಿ ಅಂಟಂಟು ಇರುವಾಗಲೇ ಪಾಲಿಮರ್ ಗಾರೆ, ಒಂದು ಪದರಕ್ಕೆ 10-12 ಮಿ.ಮೀ. ಮೀರದಂತೆ. ಸ್ಲರಿ ಒಣಗಿದ ಮೇಲೆ ಗಾರೆ ಹಚ್ಚಿದರೆ ಅದೇ ಪದರ ಬೇರ್ಪಡುತ್ತದೆ. ಬರೀ ಬಿದ್ದ ಜಾಗಕ್ಕೆ ತೇಪೆ ಹಾಕಿದರೆ ತೇಪೆಯೊಳಗಿನ ಸಳಿ ಸುರಕ್ಷಿತ, ಆದರೆ ತೇಪೆಯ ಅಂಚಿನ ಆಚೆಗಿನ ಹಳೆ ಸಳಿ ಮುಂಚಿಗಿಂತ ಬೇಗ ತಿನ್ನಿಸಿಕೊಳ್ಳುತ್ತದೆ. ಒಂದೇ ಸಳಿಯ ಎರಡು ಭಾಗ ಎರಡು ಬಗೆಯ ಕಾಂಕ್ರೀಟಿನಲ್ಲಿದ್ದರೆ ಬ್ಯಾಟರಿಯ ಕ್ರಿಯೆ ಶುರುವಾಗುತ್ತದೆ. ಹಾಗಾಗಿ ಸಜ್ಜಾವನ್ನು ಕಂಬದಿಂದ ಕಂಬಕ್ಕೆ ಪೂರ್ತಿ ಮಾಡಿ. ಕಾಲುವೆ ಮರಳಿ ಕೊರೆಯಿರಿ.

ರೆಕ್ಕೆಗಳನ್ನು ನೆಲದ ಮೇಲೆ ಎರಕ ಹೊಯ್ದು ಎತ್ತುವುದು ವಾಸಿ. ಎಂ-25, 10 ಮಿ.ಮೀ. ಖಡಿ, ನಡುವೆ ಒಂದೇ ಪದರ 8 ಮಿ.ಮೀ. ಸತು ಲೇಪಿತ ಸಳಿ. 75 ಮಿ.ಮೀ. ದಪ್ಪ, 300 ಆಳ, 3.3 ಮೀಟರ್ ಎತ್ತರಕ್ಕೆ ಒಂದರ ತೂಕ ಸುಮಾರು 185 ಕಿಲೊ. ಚೈನ್ ಪುಲ್ಲಿ ಬೇಕು, ಹೆಗಲ ಮೇಲೆ ಆಗುವ ಕೆಲಸವಲ್ಲ.

---

ನಕ್ಷೆಗಾರ_ಧಾರವಾಡ

ರೆಕ್ಕೆ ಬಿಚ್ಚುವ ಮುಂಚೆ ಪ್ರತಿಯೊಂದರ ಕೋನ, ನಡುವಿನ ಅಂತರ, ಆಳ ಮೂರೂ ಮಹಡಿಯಲ್ಲಿ ಅಳೆದು ನಕ್ಷೆ ಮಾಡಿ. "ಸ್ವಲ್ಪ ಅಗಲ ಬಿಟ್ಟು ನಾಲ್ಕು ಕಡಿಮೆ ಮಾಡೋಣ" ಎಂಬ ಮಾತು ಬಂದೇ ಬರುತ್ತದೆ. ಅಂತರ ಹೆಚ್ಚಿದಷ್ಟೂ ಏಪ್ರಿಲಿನ ಮೂರೂವರೆಯ ಬಿಸಿಲು ಮೆಟ್ಟಿಲ ಮೇಲೆ ಬೀಳುತ್ತದೆ, ಜುಲೈಯ ಇರಚಲಿಗೆ ಮೋಸಾಯಿಕ್ ಜಾರುತ್ತದೆ. ತಗಡಿನ ಅಥವಾ ಅಲ್ಯುಮಿನಿಯಂ ಪಟ್ಟಿಯೂ ಬೇಡ, ಪಶ್ಚಿಮದ ಗಾಳಿಗೆ ಸದ್ದು ಮಾಡುತ್ತದೆ, ಪಕ್ಕದಲ್ಲೇ ತರಗತಿ.

ಕಬ್ಬಿಣದ ಕಿಟಕಿಗಳನ್ನು ಕಿತ್ತು ಜಾರುವ ಅಲ್ಯುಮಿನಿಯಂ ಹಾಕುವ ಮಾತಿದ್ದರೆ ಅದನ್ನೂ ನಿಲ್ಲಿಸಿ. ಜಾರುವ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ, ಈಗಿರುವ ಬದಿಗೀಲಿನ ಪಡಕು ಬಹುತೇಕ ಪೂರ್ತಿ ತೆರೆಯುತ್ತದೆ. ಗಾಳಿ ಅರ್ಧವಾದರೆ ಆಮೇಲೆ ಫ್ಯಾನು ಹೆಚ್ಚಿಸಬೇಕು. ಅವು ಕೆಡುವುದು ಕೆಳಗಿನ ಅಡ್ಡಪಟ್ಟಿಯಲ್ಲಿ: ಪುಟ್ಟಿ ಬಿರಿದು ನೀರು ಗಾಜಿನ ಹಿಂದೆ ನಿಲ್ಲುತ್ತದೆ. ಗಾಜು ತೆಗೆದು, ಪುಟ್ಟಿ ಪೂರ್ತಿ ಕೆರೆದು, ತುಕ್ಕು ತಿಂದ ಕೆಳಪಟ್ಟಿಯಷ್ಟನ್ನೇ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಿ. ಗಾಜಿನ ಸುತ್ತ ಎರಡು ಮಿ.ಮೀ. ಸಂದು ಬಿಡಬೇಕು. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ. 1954ರಲ್ಲಿ ಇಂಗ್ಲೆಂಡಿನ ಹನ್‌ಸ್ಟಾಂಟನ್‌ನಲ್ಲಿ ಸ್ಮಿತ್ಸನ್ ದಂಪತಿ ಕಟ್ಟಿದ ಹೆಸರಾಂತ ಮಾಧ್ಯಮಿಕ ಶಾಲೆಯಲ್ಲಿ ಗಾಜನ್ನು ಉಕ್ಕಿನ ಚೌಕಟ್ಟಿಗೇ ಬಿಗಿಯಾಗಿ ಕೂರಿಸಿದ್ದರಿಂದ ಚೌಕಟ್ಟು ಮಿಸುಕಿದಾಗಲೆಲ್ಲ ಗಾಜು ಸೀಳುತ್ತಿದ್ದವು.

ಪಡಸಾಲೆ ಕಡೆಯ ಜಾಳಿಗೆಯನ್ನು ಧೂಳಿನ ಕಾರಣಕ್ಕೆ ಎಲ್ಲಾದರೂ ಹಲಗೆಯಿಂದ ಮುಚ್ಚಿದ್ದರೆ ತೆಗೆಸಿ. ಬಿಸಿಗಾಳಿ ಹೊರಹೋಗುವ ದಾರಿ ಅದೊಂದೇ.

ಕೆಲಸದ ಸರದಿ ಹೀಗಿರಲಿ: ಈ ಬೇಸಿಗೆ ರಜೆಯಲ್ಲಿ ಮಾಳಿಗೆ ಮತ್ತು ಪೈಪು, ಅದರ ಜೊತೆಗೇ ಸಂಪು. ಮಳೆಗಾಲದಲ್ಲಿ ಬಿರುಕಿನ ಅಳತೆ ಮತ್ತು ರೆಕ್ಕೆಗಳ ಎರಕ. ದಸರಾ ರಜೆಯ ಹೊತ್ತಿಗೆ ಎರಕ ಬಲಿತಿರುತ್ತದೆ, ಆಗ ಪಾವಟಿಗೆ ಬಂದ್ ಮಾಡಿ ರೆಕ್ಕೆ ಏರಿಸಬಹುದು. ಸಜ್ಜಾಗಳನ್ನು ಮಳೆ ಬಿಟ್ಟ ಮೇಲೆ ಒಂದೊಂದೇ ಅಂಕಣದಂತೆ ಮಾಡಿ. ಪಾವಟಿಗೆ ಒಂದೇ ಇದ್ದರೆ ರೆಕ್ಕೆಯ ಕೆಲಸವಿರುವಷ್ಟು ದಿನ ಮೇಲಿನ ಎರಡು ಮಹಡಿಯಲ್ಲಿ ತರಗತಿ ನಡೆಸಬೇಡಿ. ಆ ತರಗತಿಗಳನ್ನು ಶೆಡ್ಡಿಗೆ ಸರಿಸಬಹುದು, ಅದರ ಛಾವಣಿಯ ತಗಡು ಮತ್ತು ಗಾಜನ್ನು ಮೊದಲು ಪರೀಕ್ಷಿಸಿಕೊಂಡು.